ಸಹಜ ಎಂದರೆ ಎಷ್ಟು ಸೆಂಟಿಮೀಟರ್?

ಸ್ಕ್ಯಾನಿಂಗ್ ಕೋಣೆಯಲ್ಲಿ ಆರು ವರ್ಷದ ಮಗುವೊಂದು ಅಂಗಿ ಮೇಲೆತ್ತಿಕೊಂಡು ಮಲಗಿದೆ ಎಂದುಕೊಳ್ಳಿ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್. ಪರದೆಯಲ್ಲಿ ಕಾಣುವ ಗುಲ್ಮದ ಎರಡು ತುದಿಗೂ ವೈದ್ಯರು ಗುರುತಿಡುತ್ತಾರೆ. ಯಂತ್ರ ಒಂದು ಅಂಕಿ ತೋರಿಸುತ್ತದೆ. "ನಾರ್ಮಲ್ ಇದೆಯಾ ಡಾಕ್ಟ್ರೇ?" ತಾಯಿಯ ಪ್ರಶ್ನೆ.

ಇದಕ್ಕೆ ಯಂತ್ರದ ಬಳಿ ಉತ್ತರವಿಲ್ಲ. ಶಬ್ದದ ಅಲೆ ಒಳಹೋಗಿ ಮರಳಿ ಬರಲು ಹಿಡಿದ ಹೊತ್ತಿನಿಂದ ಅದು ದೂರವನ್ನು ಲೆಕ್ಕ ಹಾಕುತ್ತದೆ, ಅಷ್ಟೇ. ಆ ಅಳತೆ ಸರಿಯೋ ಅಲ್ಲವೋ ಎಂದು ಹೇಳುವುದು ಗೋಡೆಯ ಮೇಲಿನ ಕೋಷ್ಟಕ. ಕೋಷ್ಟಕ ಹುಟ್ಟಿದ್ದು ಬೇರೆ ಮಕ್ಕಳಿಂದ. 1998ರಲ್ಲಿ ಪ್ರಕಟವಾದ ಟರ್ಕಿಯ ಒಂದು ಅಧ್ಯಯನ, ಈ ಅಂಗಗಳಲ್ಲಿ ತೊಂದರೆಯಿಲ್ಲದ 307 ಮಕ್ಕಳ ಯಕೃತ್ತು, ಗುಲ್ಮ, ಮೂತ್ರಪಿಂಡಗಳನ್ನು ಅಳೆದು ಇಂಥ ಮಿತಿಗಳನ್ನು ಕೊಟ್ಟಿತು. ಅಂಗಗಳ ಗಾತ್ರ ಎಲ್ಲಕ್ಕಿಂತ ಹೆಚ್ಚು ಹೊಂದಿಕೊಂಡಿದ್ದು ಮಗುವಿನ ಎತ್ತರದೊಂದಿಗೆ.

ಇಂಥ ಕೋಷ್ಟಕಗಳಲ್ಲಿ ಸಾಮಾನ್ಯವಾಗಿ 100 ಮಕ್ಕಳಲ್ಲಿ 95 ಮಂದಿ ಒಳಗೆ ಬರುವಂತೆ ಗೆರೆ ಎಳೆಯುತ್ತಾರೆ. ಅಂದರೆ ಉಳಿದ ಐವರು ಆರೋಗ್ಯವಾಗಿದ್ದೂ ಗೆರೆಯಾಚೆ ನಿಲ್ಲುತ್ತಾರೆ. ಅವರನ್ನು ಹೊರಗಿಟ್ಟಿದ್ದು ರೋಗವಲ್ಲ, ನಮ್ಮ ಗೆರೆ. ಹಾಗೆಂದು ಗೆರೆಯನ್ನು ಅಳಿಸಿಹಾಕುವಂತೆಯೂ ಇಲ್ಲ. ಮಲೇರಿಯಾ, ಥಲಸ್ಸೀಮಿಯಾ, ರಕ್ತದ ಕ್ಯಾನ್ಸರ್‌ಗಳಲ್ಲಿ ಗುಲ್ಮ ನಿಜಕ್ಕೂ ಊದುತ್ತದೆ. ತಡವಾಗಿ ತಿಳಿದರೆ ಅದರ ಬೆಲೆ ತೆರುವುದು ಮಗುವೇ.

ಹಾಗಾದರೆ ನಮ್ಮ ಊರಿನ ಮಕ್ಕಳನ್ನೇ ಅಳೆದು ನಮ್ಮದೇ ಕೋಷ್ಟಕ ಮಾಡಿಕೊಂಡರಾಯಿತಲ್ಲ ಎನ್ನಬಹುದು. ಅಲ್ಲೂ ಒಂದು ತೊಡಕಿದೆ. 1840ರ ದಶಕದ ಕೊನೆಯಲ್ಲಿ ಉತ್ತರ ಭಾರತದ ಕಾಲುವೆ ಸೀಮೆಯಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯ, ಗುಲ್ಮ ಊದಿದವರು ಊರಲ್ಲಿ ಎಷ್ಟು ಮಂದಿ ಎಂದು ಹೊಟ್ಟೆ ಮುಟ್ಟಿ ಎಣಿಸಿ, ಅದರಿಂದ ಮಲೇರಿಯಾದ ಹರವನ್ನು ಅಂದಾಜಿಸಿದ. ಬಹುಪಾಲು ಮಕ್ಕಳ ಗುಲ್ಮ ಊದಿರುವ ಊರಿನಲ್ಲಿ ಸರಾಸರಿ ತೆಗೆದರೆ, ಆ ಸರಾಸರಿಯೇ ರೋಗ. 'ಎಲ್ಲರೂ ಹೀಗೇ ಇದ್ದಾರೆ' ಎಂಬ ಮಾತಿನಲ್ಲಿ ಒಂದು ಊರಿನ ನರಳಿಕೆಯೇ ಮುಚ್ಚಿಹೋಗಬಹುದು.

ಇರುವುದೂ ಇರಬೇಕಾದುದೂ ಒಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಮಕ್ಕಳ ಎತ್ತರ-ತೂಕದ ಮಾನದಂಡ ತಂದಾಗ ಈ ಎರಡನ್ನು ತಿಳಿದೇ ಬೇರ್ಪಡಿಸಿತು. ಭಾರತವೂ ಸೇರಿ ಆರು ದೇಶಗಳಲ್ಲಿ, ತಾಯಿಹಾಲು ಕುಡಿದ, ತಾಯಂದಿರು ಧೂಮಪಾನ ಮಾಡದ, ಅನುಕೂಲಕರ ವಾತಾವರಣದ ಮಕ್ಕಳನ್ನೇ ಅದಕ್ಕಾಗಿ ಆರಿಸಿಕೊಂಡರು. ಮಕ್ಕಳು ಹೇಗೆ ಬೆಳೆಯುತ್ತಿದ್ದಾರೆ ಎಂಬುದಕ್ಕಿಂತ ಹೇಗೆ ಬೆಳೆಯಬೇಕು ಎಂಬುದು ಅಲ್ಲಿನ ಪ್ರಶ್ನೆಯಾಗಿತ್ತು. ಇದು ಅಳತೆಯ ಕೆಲಸದಷ್ಟೇ ನೀತಿಯ ತೀರ್ಮಾನವೂ ಹೌದು. ಹಸಿದ ಮಕ್ಕಳಿಂದ ಅಳತೆಗೋಲು ಮಾಡಿದರೆ ಹಸಿವೇ ಸಹಜವೆನಿಸುತ್ತದೆ. ದೂರದ ಮಕ್ಕಳ ಅಳತೆಗೋಲನ್ನು ಕಣ್ಣುಮುಚ್ಚಿ ಒಪ್ಪಿದರೆ ನಮ್ಮ ಗಟ್ಟಿಮುಟ್ಟಾದ ಮಗುವೂ ರೋಗಿಯಾಗಬಹುದು. ಎರಡು ತಪ್ಪುಗಳ ನಡುವೆ ಆರಿಸುವವರು ನಾವೇ. ಆ ಹೊಣೆಯನ್ನು ಯಂತ್ರಕ್ಕೆ ಹೊರಿಸಲಾಗದು.

ಕೋಣೆಯಲ್ಲಿ ತಾಯಿ ಇನ್ನೂ ಕಾಯುತ್ತಿದ್ದಾಳೆ. ಅಂಕಿ ಗೆರೆಗಿಂತ ಕೊಂಚ ಹೆಚ್ಚಿದೆ. ಒಳ್ಳೆಯ ವೈದ್ಯರು ಆಗ ಪರದೆಯಿಂದ ಕಣ್ಣು ತೆಗೆದು ಮಗುವಿನ ಕಡೆ ತಿರುಗುತ್ತಾರೆ: ಜ್ವರ ಬಂದಿತ್ತೇ? ಊಟ ಸೇರುತ್ತದೆಯೇ? ಆಟವಾಡುತ್ತಾನೆಯೇ? ಆಮೇಲೆ ಅವನ ಎತ್ತರ ಅಳೆಯುತ್ತಾರೆ. ಕೋಷ್ಟಕದ ನಿಜವಾದ ಉಪಯೋಗ ಇದೇ. ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ; ಇನ್ನೊಂದು ಪ್ರಶ್ನೆ ಕೇಳಿ ಎಂದು ಅದು ನಮಗೆ ನೆನಪಿಸಬಲ್ಲದು.