ಊರಿಗೆ ಬಂದವಳು, ನೀರಿಗೆ ಬಂದವಳು

‘ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ?’ ಎಂಬ ಗಾದೆಯನ್ನು ಕನ್ನಡದಲ್ಲಿ ಹೆಚ್ಚಾಗಿ ಆಡುವವರು ಕಾಯುವ ಜನ. ಸಾಲ ತೀರಿಸದೆ ತಲೆತಪ್ಪಿಸಿಕೊಂಡವನು, ಮುಖ ತೋರಿಸದೆ ಓಡಾಡುವ ಹೊಸ ಅಧಿಕಾರಿ, ಮಾತು ಬಿಟ್ಟ ನೆಂಟ, ಇಂಥವರೆಲ್ಲ ಒಂದಲ್ಲ ಒಂದು ದಿನ ಎದುರಾಗಲೇಬೇಕು ಎಂಬ ಭರವಸೆಗೆ ಅದು ಒದಗಿಬರುತ್ತದೆ. ಇದು ಹೊಂಚು ಹಾಕುವವನ ಓದು. ಕೊಡ ಹೊತ್ತು ಬರುವವಳ ಕಡೆಯಿಂದ ಅದು ಗಾದೆಯನ್ನು ನೋಡುವುದೇ ಇಲ್ಲ. ಹೆಣ್ಣು ಎಲ್ಲಿಗೆ ಹೋದರೂ ನೀರು ಹೊರುವುದು ತಪ್ಪದು ಎಂಬ ಗೋಳಿನ ಓದೂ ಒಂದಿದೆ. ಚರಿತ್ರೆಯ ಮಟ್ಟಿಗೆ ಅದು ಸುಳ್ಳಲ್ಲ, ಆದರೆ ಗಾದೆಯ ದನಿಯಲ್ಲಿ ಗೋಳಿಲ್ಲ, ತುಸು ತುಂಟತನವಿದೆ.

ಹೊರದೇಶದ ಯುವತಿಯೊಬ್ಬಳು ಸ್ವಯಂಸೇವಕಿಯಾಗಿ ಸ್ಪೇನಿಗೆ ಹೋಗಿ, ಅಲ್ಲಿನ ಒಂದು ಕುಟುಂಬದ ಜೊತೆಗೇ ಇದ್ದುಕೊಂಡು, ಆ ಊರಿನ ಶಾಲೆಯಲ್ಲೋ ವೃದ್ಧರ ಹಗಲು ಕೇಂದ್ರದಲ್ಲೋ ಆಹಾರ ಬ್ಯಾಂಕಿನಲ್ಲೋ ಸಂಬಳವಿಲ್ಲದೆ ದುಡಿಯುವ ರೂಢಿ ಇಂದು ಸಾಮಾನ್ಯ. ಅವಳ ಸ್ಥಿತಿಯನ್ನು ಎದುರಿಗಿಟ್ಟುಕೊಂಡರೆ ಗಾದೆಯ ಸರಿಯಾದ ಅರ್ಥ ತೆರೆದುಕೊಳ್ಳುತ್ತದೆ. ಬಾವಿಕಟ್ಟೆಗೆ ಬರುವವಳು ಉಪಕಾರ ಮಾಡಲು ಬರುವುದಿಲ್ಲ. ಅವಳಿಗೆ ನೀರು ಬೇಕು, ಊರಿನವರಿಗೂ ಬೇಕು. ಬೇಕಾದದ್ದು ಒಂದೇ ಆದ್ದರಿಂದ ಅವಳು ಅವರ ನಡುವೆ ಸರದಿಯಲ್ಲಿ ನಿಲ್ಲುತ್ತಾಳೆ, ಹಗ್ಗ ಕೇಳುತ್ತಾಳೆ, ಯಾರ ಮನೆಯವಳು ಎಂದರೆ ಉತ್ತರ ಹೇಳುತ್ತಾಳೆ. ಊರು ಅವಳನ್ನು ಗುರುತಿಸುವುದು ಅವಳು ಕೊಟ್ಟದ್ದರಿಂದಲ್ಲ, ಕೇಳಿದ್ದರಿಂದ. ಸ್ವಯಂಸೇವಕರಿಗೆ ತರಬೇತಿ ಕೊಡುವ ಕೈಪಿಡಿಗಳಲ್ಲಿ ಕೊಡುವುದರ ಬಗ್ಗೆ ಪುಟಗಟ್ಟಲೆ ಇರುತ್ತದೆ. ಕೇಳುವುದು ಹೇಗೆಂದು ಕಲಿಸುವ ಪುಟ ಇದ್ದರೆ ಅಪರೂಪ.

ಊರಿಗೆ ಬರುವ ಕೆಲಸ ಕಾಗದದಿಂದ ಶುರುವಾಗುತ್ತದೆ. ಯುರೋಪಿಯನ್ ಒಕ್ಕೂಟ 1996ರಲ್ಲಿ ಪ್ರಯೋಗವಾಗಿ ಆರಂಭಿಸಿದ ಯುರೋಪಿಯನ್ ಸ್ವಯಂಸೇವಾ ಯೋಜನೆ ಈಗ ಯುರೋಪಿಯನ್ ಸಾಲಿಡಾರಿಟಿ ಕೋರ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. 18ರಿಂದ 30 ವರ್ಷದವರು ಸಾಮಾನ್ಯವಾಗಿ 2ರಿಂದ 12 ತಿಂಗಳು, ವಾರಕ್ಕೆ 30ರಿಂದ 38 ಗಂಟೆ ದುಡಿಯುತ್ತಾರೆ. ಪ್ರಯಾಣ, ಊಟ, ವಸತಿ, ವಿಮೆ, ಕೈಖರ್ಚು ಯೋಜನೆಯದು. ಒಕ್ಕೂಟದ ಹೊರಗಿನಿಂದ, ಭಾರತದಂಥ ದೇಶದಿಂದ ಬೇರೆ ಯೋಜನೆಗಳ ಮೂಲಕ ಹೋಗುವವರಿಗೆ 90 ದಿನ ಮೀರಿದರೆ ಬೇರೆಯೇ ವೀಸಾ ಬೇಕು, ಆರು ತಿಂಗಳು ಮೀರಿದರೆ ವಿದೇಶಿಯರ ಗುರುತಿನ ಚೀಟಿಯೂ ಬೇಕು. ಮಕ್ಕಳ ನಡುವೆ ಕೆಲಸವಿದ್ದರೆ ಲೈಂಗಿಕ ಅಪರಾಧಗಳ ದಾಖಲೆಯಲ್ಲಿ ತನ್ನ ಹೆಸರಿಲ್ಲ ಎಂಬ ಪ್ರಮಾಣಪತ್ರವನ್ನು ಸ್ಪೇನ್ ಕಡ್ಡಾಯ ಮಾಡಿದೆ. ಇವೆಲ್ಲ ಗಡಿ ದಾಟಲು, ಕೆಲಸಕ್ಕೆ ಸೇರಲು ಬೇಕಾದ ಕಾಗದಗಳು. ಊರಿಗೆ ಸಂಬಂಧಪಟ್ಟ ಕಾಗದ ಒಂದೇ, ಪದ್ರೋನ್. ಸ್ಪೇನಿನಲ್ಲಿ ವಾಸಿಸುವ ಪ್ರತಿಯೊಬ್ಬರೂ ತಾವಿರುವ ಊರಿನ ಪುರಸಭೆಯ ಈ ಪುಸ್ತಕದಲ್ಲಿ ಹೆಸರು ಬರೆಸಬೇಕು. ಬರೆಸಲು ವಿಳಾಸ ಬೇಕು, ವಿಳಾಸಕ್ಕೆ ಮನೆಯೊಡತಿಯ ಒಪ್ಪಿಗೆ ಬೇಕು. ಹೀಗಾಗಿ ಆಶ್ರಯ ಕೊಟ್ಟ ಮನೆಯಾಕೆ ಒಂದು ಬೆಳಿಗ್ಗೆ ಹುಡುಗಿಯ ಜೊತೆ ಪುರಸಭೆಗೆ ನಡೆದುಹೋಗಿ, ಕೌಂಟರಿನ ಮುಂದೆ ‘ಇವಳು ನಮ್ಮ ಮನೆಯಲ್ಲಿದ್ದಾಳೆ’ ಎಂದು ಹೇಳುವುದುಂಟು. ಹಾಸ್ಟೆಲಿನಲ್ಲಿ ಉಳಿದವರಿಗೆ ಈ ಮಾತನ್ನು ಹೇಳುವವರಿಲ್ಲ.

ಅತಿಥಿಯೂ ಮೀನೂ ಮೂರನೇ ದಿನಕ್ಕೆ ನಾರುತ್ತವೆ ಎಂಬ ಗಾದೆ ಸ್ಪೇನಿನಲ್ಲಿದೆ. ಆ ಲೆಕ್ಕದಲ್ಲಿ ಹತ್ತು ತಿಂಗಳು ಇರಲು ಬಂದವಳಿಗೆ ಅತಿಥಿಯಾಗಿ ಸಿಗುವುದು ಮೂರೇ ದಿನ. ನಾಲ್ಕನೆಯ ದಿನದಿಂದ ಮನೆಯ ಸಣ್ಣಪುಟ್ಟ ಕಾನೂನುಗಳು ಒಂದೊಂದಾಗಿ ಹೊರಬೀಳುತ್ತವೆ. ಮೊದಲನೆಯದು ಕಾಲಿನದು. ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಬರಿಗಾಲಲ್ಲಿ ಒಳಗೆ ಬರುವುದು ಕರ್ನಾಟಕದ ಹುಡುಗಿಗೆ ಮರ್ಯಾದೆಯ ಮೊದಲ ಪಾಠ. ಸ್ಪೇನಿನ ತಾಯಂದಿರಿಗೆ ಬರಿಗಾಲೆಂದರೆ ನೆಗಡಿಗೆ ಆಹ್ವಾನ. ಕಲ್ಲುಹಾಸಿನ ತಣ್ಣನೆಯ ನೆಲದ ಮೇಲೆ ಸಪಾತಿಯಾಸ್ ಎಂಬ ಮನೆಚಪ್ಪಲಿ ಇಲ್ಲದೆ ನಡೆದವರು ಮಕ್ಕಳಾಗಲಿ ಪರದೇಶದವರಾಗಲಿ ಬೈಗುಳ ತಿನ್ನುತ್ತಾರೆ. ಈ ಬೈಗುಳ ಶುಭಸೂಚನೆ. ಅತಿಥಿಯ ಕಾಲಿಗೆ ಯಾರೂ ಬೈಯುವುದಿಲ್ಲ.

ಎರಡನೆಯದು ಅಕ್ಷರಶಃ ನೀರಿನ ಕಾನೂನು. ಅನೇಕ ಫ್ಲಾಟುಗಳಲ್ಲಿ ಬಿಸಿನೀರು ಬರುವುದು ಗೋಡೆಗೆ ನೇತುಹಾಕಿದ ಗೀಸರಿನಿಂದ ಅಥವಾ ಕಿತ್ತಳೆ ಬಣ್ಣದ ಬ್ಯೂಟೇನ್ ಸಿಲಿಂಡರಿನಿಂದ. ಒಬ್ಬರು ಷವರಿನ ಕೆಳಗೆ ಅರ್ಧ ಗಂಟೆ ನಿಂತರೆ ಹಿಂದೆ ಬರುವವರಿಗೆ ತಣ್ಣೀರೇ ಗತಿ. ಪರದೇಶದಿಂದ ಬಂದವರ ಮೇಲೆ ಮನೆಯವರು ಹೇಳುವ ದೂರುಗಳಲ್ಲಿ ಇದು ಬಲು ಸಾಮಾನ್ಯವಾದದ್ದು. ಬರಗಾಲ ಈ ಕಾನೂನನ್ನು ಮನೆಯಿಂದ ಸರ್ಕಾರಕ್ಕೆ ಏರಿಸಿತು. ಮೂರು ವರ್ಷ ಮಳೆ ಕೈಕೊಟ್ಟ ಮೇಲೆ ಕ್ಯಾಟಲೋನಿಯಾ 2024ರ ಫೆಬ್ರವರಿ ಆರಂಭದಲ್ಲಿ ಬಾರ್ಸಿಲೋನಾ ಸುತ್ತಮುತ್ತ ಜಲ ತುರ್ತುಸ್ಥಿತಿ ಘೋಷಿಸಿ, ತಲೆಗೆ ದಿನಕ್ಕೆ 200 ಲೀಟರ್ ಎಂಬ ಮಿತಿ ಹಾಕಿತು. ಅಂಥ ದಿನಗಳಲ್ಲಿ ಷವರಿನ ಕೆಳಗೊಂದು ಬಕೆಟ್ ಇರುತ್ತದೆ. ಬಿಸಿನೀರು ಬರುವ ತನಕ ಸುಮ್ಮನೆ ಹರಿದುಹೋಗುವ ತಣ್ಣೀರನ್ನು ಅದರಲ್ಲಿ ಹಿಡಿದು, ಗಿಡಕ್ಕೆ ಹಾಕುತ್ತಾರೆ ಅಥವಾ ನೆಲ ಒರೆಸುತ್ತಾರೆ. ಒಂದು ಬಕೆಟ್, ಒಂದು ಚೊಂಬಿನಲ್ಲಿ ಸ್ನಾನ ಮುಗಿಸಿ ಬೆಳೆದವಳು ಆ ಮನೆಯಲ್ಲಿ ಏನನ್ನೂ ಕಲಿಯಬೇಕಾಗಿಲ್ಲ. ಕಲಿಸಬಹುದು ಬೇಕಾದರೆ. ಆ ನೀರಿನಲ್ಲಿ ನೆಲ ಒರೆಸಲು ಬಳಸುವ ಫ್ರೆಗೋನಾ ಎಂಬ ಉದ್ದ ಹಿಡಿಯ ಮಾಪು ಮತ್ತು ಹಿಂಡುವ ಬಕೆಟ್ಟು ಕೂಡ ಸ್ಪೇನಿನ ಹೆಮ್ಮೆಯ ವಸ್ತುವೇ. 1950ರ ದಶಕದಲ್ಲಿ ಸರಗೋಸಾದ ಎಂಜಿನಿಯರ್ ಮನ್ವೆಲ್ ಹಲೋನ್ ಅದನ್ನು ಮನೆಮನೆಗೆ ಮುಟ್ಟಿಸುವವರೆಗೆ ಹೆಂಗಸರು ಮಂಡಿಯೂರಿ ನೆಲ ತಿಕ್ಕುತ್ತಿದ್ದರು.

ಮೂರನೆಯದು ಊಟದ ಹೊತ್ತು. ಮಧ್ಯಾಹ್ನದ ಊಟ ಎರಡರಿಂದ ಮೂರೂವರೆಯೊಳಗೆ, ಸಂಜೆ ಆರರ ಸುಮಾರಿಗೆ ಮೆರಿಯೆಂದಾ ಎಂಬ ತಿಂಡಿ, ರಾತ್ರಿಯ ಊಟ ಒಂಬತ್ತೂವರೆಗೆ. ಏಳು ಗಂಟೆಗೆ ಹಸಿದು ಅಡುಗೆಮನೆಯ ಬಾಗಿಲಲ್ಲಿ ನಿಂತವಳಿಗೆ ಅಲ್ಲಿ ದೀಪವೂ ಕಾಣುವುದಿಲ್ಲ. ಸಸ್ಯಾಹಾರಿಯಾದರೆ ಪಾಡು ಇನ್ನೊಂದು ಬಗೆ. ಲೆಂತೆಹಾಸ್ ಎಂದರೆ ಬೇಳೆಸಾರಿನ ಅಣ್ಣ, ಆದರೆ ಅದರೊಳಗೆ ಚೊರಿಸೊ ಎಂಬ ಹಂದಿಮಾಂಸದ ಸಾಸೇಜಿನ ತುಂಡು ಮುಳುಗಿರುತ್ತದೆ. ಸಲಾಡಿನ ಮೇಲೆ ಟ್ಯೂನ ಮೀನು ಕೂತಿರುತ್ತದೆ. ‘ಮಾಂಸ ಇಲ್ಲ, ಬರೀ ಹಮೋನ್’ ಎಂದು ಅಜ್ಜಿಯರು ಮುಗ್ಧವಾಗಿಯೇ ಹೇಳುತ್ತಾರೆ. ಅವರ ಲೆಕ್ಕದಲ್ಲಿ ಒಣಗಿಸಿದ ಹಂದಿತೊಡೆ ಮಾಂಸದ ಜಾತಿಗೆ ಸೇರುವುದಿಲ್ಲ. ಸಂಕೋಚದವಳು ತಟ್ಟೆಯ ಅಂಚಿಗೆ ತುಂಡುಗಳನ್ನು ಸರಿಸಿ, ಬ್ರೆಡ್ಡು ತಿಂದು ಮಲಗುತ್ತಾಳೆ. ಇಲ್ಲಿ ಸಂಕೋಚಕ್ಕಿಂತ ಕೆಟ್ಟ ಗುಣ ಇನ್ನೊಂದಿಲ್ಲ. ಬಾಯಿಬಿಟ್ಟು ಹೇಳಿದವಳಿಗೆ ಮಾರನೆಯ ದಿನವೇ ಆಲೂಗೆಡ್ಡೆಯ ತೊರ್ತಿಯಾ, ಟೊಮ್ಯಾಟೊ ಬದನೆಯ ಪಿಸ್ತೊ, ಬೇಸಿಗೆಯಾದರೆ ಗಾಸ್ಪಾಚೊ, ಸೆವಿಲ್ಯಾ ಕಡೆಯಾದರೆ ಪಾಲಕ್ ಕಡಲೆ ಸಿಗುತ್ತದೆ. ಜೊತೆಗೆ ಆ ಮನೆಯಾಕೆಗೆ ಪಕ್ಕದ ಮನೆಯಲ್ಲಿ ಹೇಳಿಕೊಳ್ಳಲು ಒಂದು ಕಥೆಯೂ ಸಿಗುತ್ತದೆ. ಊಟ ಮುಗಿದ ಮೇಲೆ ಏಳದೆ ಮೇಜಿನ ಸುತ್ತ ಕೂತು ಮಾತಾಡುವ ಸೊಬ್ರೆಮೆಸಾ ಹೊತ್ತಿನಲ್ಲಿ ಭಾಷೆ ಬರುವಷ್ಟು ಬೇಗ ಯಾವ ತರಗತಿಯಲ್ಲೂ ಬರುವುದಿಲ್ಲ. ಫೋನ್ ಹಿಡಿದು ಕೋಣೆಗೆ ಹೋದವಳು ಅಂದಿನ ಮಟ್ಟಿಗೆ ನೀರಿಗೆ ಬರಲಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಗೆರೆ ಎಳೆಯಲೇಬೇಕು. ನೀರಿಗೆ ಬರುವುದು ಬೇರೆ, ನೀರು ಹೊರಿಸಿಕೊಳ್ಳುವುದು ಬೇರೆ. ಸ್ಪೇನಿನ 2015ರ ಸ್ವಯಂಸೇವಾ ಕಾನೂನು ಈ ವಿಷಯದಲ್ಲಿ ಅನೇಕ ಸ್ವಯಂಸೇವಾ ಸಂಸ್ಥೆಗಳಿಗಿಂತ ಸ್ಪಷ್ಟವಾಗಿದೆ. ಸ್ವಯಂಸೇವೆ ಸಂಸ್ಥೆಯ ಮೂಲಕವೇ ನಡೆಯಬೇಕು, ಲಿಖಿತ ಒಪ್ಪಂದ ಮತ್ತು ವಿಮೆ ಇರಬೇಕು, ಸಂಬಳದ ನೌಕರರ ಜಾಗವನ್ನು ಅದು ಕಸಿಯಬಾರದು. ಕುಟುಂಬ, ಸ್ನೇಹ, ನೆರೆಹೊರೆಯ ಕಾರಣಕ್ಕೆ ಮಾಡಿದ ಕೆಲಸ ಸ್ವಯಂಸೇವೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಅಂದರೆ ಹುಡುಗಿ ರಾತ್ರಿ ಪಾತ್ರೆ ತೊಳೆದರೆ ಅದು ಸೇವೆಯಲ್ಲ, ಎಲ್ಲರೂ ತೊಳೆಯುವ ಮನೆಯಲ್ಲಿ ಅವಳ ಸರದಿ. ಮಕ್ಕಳನ್ನು ನೋಡಿಕೊಂಡು ಊಟ, ವಸತಿ, ಕೈಖರ್ಚು ಪಡೆಯುವ ಓ ಪೇರ್ ಪದ್ಧತಿ ಬೇರೆ. ಸ್ಟ್ರಾಸ್‌ಬರ್ಗ್‌ನಲ್ಲಿ 1969ರಲ್ಲಿ ಆದ, ಸ್ಪೇನೂ ಒಪ್ಪಿಕೊಂಡ ಒಡಂಬಡಿಕೆಯ ಪ್ರಕಾರ ಅಲ್ಲಿ ದಿನಕ್ಕೆ ಐದು ಗಂಟೆ ಮೀರುವಂತಿಲ್ಲ, ವಾರಕ್ಕೊಂದು ಪೂರ್ತಿ ರಜೆ ಇರಬೇಕು. ಸ್ವಯಂಸೇವಕಿ ಎಂದು ಕರೆಸಿಕೊಂಡು ಬೆಳಗಿನಿಂದ ರಾತ್ರಿಯವರೆಗೆ ಮಗು ಎತ್ತಿಸುವ ಮನೆ ಈ ಎರಡು ಲೆಕ್ಕಕ್ಕೂ ಸೇರದು. ಅದು ಸಂಬಳ ಕೊಡದ ಮನೆಗೆಲಸ. ಗುರುತಿಸುವುದು ಸುಲಭ: ಮನೆಯವರು ಕೂತಿರುವಾಗ ಅವಳೊಬ್ಬಳೇ ಎದ್ದಿರುತ್ತಾಳೆ.

ಇದರ ಎದುರು ತುದಿಯಲ್ಲಿ ಹಣ ಕಟ್ಟಿಸಿಕೊಂಡು ಸೇವೆ ಮಾಡಿಸುವ ಏಜೆನ್ಸಿಗಳಿವೆ. ಎರಡು ವಾರದ ಪ್ಯಾಕೇಜು, ಸ್ವಯಂಸೇವಕರಿಗೇ ಮೀಸಲಾದ ಕಟ್ಟಡ, ಅಲ್ಲಿ ಎಲ್ಲರೂ ಇಂಗ್ಲಿಷಿನವರು, ವಾರಾಂತ್ಯಕ್ಕೆ ಸಮುದ್ರತೀರ. ಇವುಗಳ ಮೇಲೆ ಇಲ್ಲಿ ಹೆಚ್ಚು ಮಾತು ದಂಡ. ಬಾಟಲಿ ನೀರು ಕೊಂಡುಕೊಂಡವಳು ಬಾವಿಗೆ ಯಾಕೆ ಬರುತ್ತಾಳೆ?

ಸ್ಪೇನಿನ ಹಳ್ಳಿಗಳಲ್ಲಿ ಈ ಗಾದೆಯ ಜಾಗ ಕಲ್ಲಿನಲ್ಲೇ ನಿಂತಿದೆ. ಊರ ಮಧ್ಯೆ ಸಾರ್ವಜನಿಕ ಚಿಲುಮೆ, ಅದರ ಕೆಳಗೆ ಮಾಡು ಹೊದಿಸಿದ ಲಾವಾದೆರೊ, ಬಟ್ಟೆ ತಿಕ್ಕಲು ಓರೆಯಾಗಿ ಇಟ್ಟ ಚಪ್ಪಡಿಗಳು. ನಲ್ಲಿ ಬರುವವರೆಗೆ ಊರಿನ ಸುದ್ದಿಯೆಲ್ಲ ಹುಟ್ಟಿದ್ದು, ಬೆಳೆದದ್ದು ಅಲ್ಲೇ. ಈಗ ಅವು ಖಾಲಿ. ಸೋರಿಯಾ, ತೆರುಯೆಲ್ ಕಡೆಯ ಎಷ್ಟೋ ಊರುಗಳೂ ಹಾಗೆಯೇ ಖಾಲಿಯಾಗುತ್ತ ಬಂದಿವೆ. ತೋಳಿನಷ್ಟು ಅಗಲದ ಆ ಚಪ್ಪಡಿಗಳ ಕೆಲಸವನ್ನು ಇಂದು ಮಾಡುತ್ತಿರುವುದು ಕುರ್ಚಿಗಳು. ಬೇಸಿಗೆಯ ರಾತ್ರಿ ಬಿಸಿಲಿಳಿದ ಮೇಲೆ ಮನೆಯವರೆಲ್ಲ ಕುರ್ಚಿಗಳನ್ನು ಬಾಗಿಲಾಚೆ ಬೀದಿಗೆ ಹಾಕಿ ನಡುರಾತ್ರಿಯವರೆಗೆ ಹರಟುವುದು ದಕ್ಷಿಣದ ಊರುಗಳ ರೂಢಿ. ಕಾದಿಸ್ ಪ್ರಾಂತ್ಯದ ಅಲ್ಗಾರ್ ಎಂಬ ಸಣ್ಣ ಊರು ಈ ಬೀದಿಹರಟೆಗೆ ಯುನೆಸ್ಕೋ ಮಾನ್ಯತೆ ಬೇಕೆಂದು 2021ರಲ್ಲಿ ಹೊರಟಿತು. ಪರದೇಶದ ಹುಡುಗಿಗೂ ಒಂದು ಕುರ್ಚಿ ಹೊರಬರುತ್ತದೆ. ಅವಳು ಶಾಲೆಯಲ್ಲಿ ಏನು ಕಲಿಸುತ್ತಾಳೆ ಎಂದು ಕೇಳುವವರು ಕಡಿಮೆ. ಅವಳ ಅಮ್ಮ ಒಬ್ಬಳೇ ಹೇಗಿದ್ದಾಳೆ, ಅಕ್ಕನಿಗೆ ಮದುವೆ ಯಾವಾಗ, ಅಲ್ಲಿ ಎಣ್ಣೆ ಏನು ರೇಟು ಎಂದು ಎಲ್ಲರೂ ಕೇಳುತ್ತಾರೆ.

ನೀರೇ ಊರಿಗೆ ನುಗ್ಗಿದ ದಿನವೂ ಒಂದಿದೆ. 2024ರ ಅಕ್ಟೋಬರ್ 29ರಂದು ವಲೆನ್ಸಿಯಾದ ಒಳನಾಡಿನ ತುರೀಸ್‌ನಲ್ಲಿ ಒಂದೇ ದಿನ 770 ಮಿಲಿಮೀಟರಿಗೂ ಹೆಚ್ಚು ಮಳೆ ಬಿತ್ತು. ಪೋಯೊ ಹಳ್ಳ ಉಕ್ಕಿ, ಹೆಚ್ಚು ಮಳೆಯೇ ಬೀಳದ ಪಾಯ್‌ಪೋರ್ತಾ, ಕತರ್ರೋಹಾ, ಆಲ್ಫಾಫಾರ್ ಊರುಗಳನ್ನು ಸಂಜೆ ಮುಳುಗಿಸಿತು. ಸತ್ತವರು 220ಕ್ಕಿಂತ ಹೆಚ್ಚು. ನಂತರದ ದಿನಗಳಲ್ಲಿ ನಗರದಿಂದ ಸಾವಿರಾರು ಮಂದಿ ಪೊರಕೆ, ಸಲಿಕೆ, ಮಾಪು ಹೆಗಲಿಗಿಟ್ಟು, ತುರಿಯಾ ನದಿಯ ಹೊಸ ಪಾತ್ರದ ಮೇಲಿನ ಕಾಲುಸೇತುವೆ ದಾಟಿ ಕೆಸರಿಗಿಳಿದರು. ಆ ಸೇತುವೆಗೆ ಜನ ಸಾಲಿಡಾರಿಟಿಯ ಸೇತುವೆ ಎಂದೇ ಹೆಸರಿಟ್ಟರು. ಅವರಲ್ಲಿ ಹೆಚ್ಚಿನವರ ಬಳಿ ಲಿಖಿತ ಒಪ್ಪಂದವಾಗಲಿ ವಿಮೆಯಾಗಲಿ ಇರಲಿಲ್ಲ. ಕಾನೂನಿನ ಪ್ರಕಾರ ಅದು ಸ್ವಯಂಸೇವೆಯೇ ಅಲ್ಲ, ನೆರೆಹೊರೆ. ಕಾನೂನಿಗಿಂತ ಗಾದೆ ಹೆಚ್ಚು ತಿಳಿದಿರುವುದು ಇಂಥಲ್ಲಿ.

ದಾರಿ ತಿರುಗಿಸಿ ನೋಡಿದರೂ ಇದೇ ಅರ್ಥ ನಿಲ್ಲುತ್ತದೆ. 1920ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದ ವಿಸೆಂತೆ ಫೆರರ್ 1952ರಲ್ಲಿ ಜೆಸ್ಯೂಟ್ ಆಗಿ ಭಾರತಕ್ಕೆ ಬಂದರು. ಮಹಾರಾಷ್ಟ್ರದ ಮನ್ಮಾಡ್ ಸುತ್ತ ಅವರು ಹಿಡಿದ ಕೆಲಸ ಬಾವಿಯದು: ತಮ್ಮ ಹೊಲದಲ್ಲಿ ಬಾವಿ ತೋಡುವ ರೈತರಿಗೆ ಗೋಧಿ, ಎಣ್ಣೆ ಒದಗಿಸುವುದು. 1968ರಲ್ಲಿ ದೇಶ ಬಿಡಬೇಕೆಂಬ ಆದೇಶ ಬಂದಾಗ ಬೀದಿಗಿಳಿದವರು ಆ ಬಾವಿಗಳ ರೈತರೇ. ಮರುವರ್ಷ ಹಿಂತಿರುಗಿದ ಅವರು ಬಳ್ಳಾರಿಗೂ ಪಾವಗಡಕ್ಕೂ ಅಂಟಿಕೊಂಡಿರುವ ಬರದ ಜಿಲ್ಲೆ ಅನಂತಪುರದಲ್ಲಿ ನೆಲೆಸಿ, ಜೆಸ್ಯೂಟ್ ಸಂಘ ಬಿಟ್ಟು, ಮದುವೆಯಾಗಿ, ಚೆಕ್‌ಡ್ಯಾಮು, ಮನೆ, ಶಾಲೆ, ಆಸ್ಪತ್ರೆ ಕಟ್ಟಿಸುತ್ತ 2009ರಲ್ಲಿ ಅಲ್ಲೇ ತೀರಿಕೊಂಡರು. ಅವರ ಸಂಸ್ಥೆಯನ್ನು ನೋಡಲು, ಅಲ್ಲಿ ಕೆಲಸ ಮಾಡಲು ಬರುವ ಸ್ಪೇನಿನವರು ಇಂದಿಗೂ ಬೆಂಗಳೂರಿನಲ್ಲಿ ವಿಮಾನದಿಂದ ಇಳಿದು, ಚಿಕ್ಕಬಳ್ಳಾಪುರ, ಬಾಗೇಪಲ್ಲಿ ದಾಟಿ ರಸ್ತೆಯಲ್ಲಿ ಅನಂತಪುರಕ್ಕೆ ಹೋಗುತ್ತಾರೆ.