ಗಣಾಚಾರವೂ ಶಾಲೆಯ ಅಂಗಳವೂ



ಲಿಂಗಾಚಾರ, ಸದಾಚಾರ, ಶಿವಾಚಾರ, ಭೃತ್ಯಾಚಾರ, ಗಣಾಚಾರ ಎಂಬ ಪಂಚಾಚಾರಗಳನ್ನು ಬಾಲ್ಯದಿಂದಲೂ ಬಾಯಿಪಾಠವಾಗಿ ಬಲ್ಲವರು ನಮ್ಮಲ್ಲಿ ಅನೇಕರುಂಟು. ಆದರೆ ಕಡೆಯದಾದ ಗಣಾಚಾರದ ಅರ್ಥವನ್ನು ವಿಚಾರಿಸಿದರೆ, ‘ಶಿವನಿಂದೆಯನ್ನು ಕೇಳಿ ಸಹಿಸಬಾರದು’ ಎಂಬಲ್ಲಿಗೇ ನಿಲ್ಲಿಸುವವರು ಹೆಚ್ಚು. ಶಿವನಿಂದೆಯೆಂದರೆ ಯಾವುದು? ಅದು ಎಲ್ಲಿ ನಡೆಯುವುದು? ಶಾಸ್ತ್ರವಾದದ ಸಭೆಯಲ್ಲಿ ಮಾತ್ರವೇ? ಈ ಪ್ರಶ್ನೆಗೆ ಉತ್ತರವನ್ನು ಮಕ್ಕಳು ಓದುವ ಶಾಲೆಯ ಅಂಗಳದಲ್ಲಿ ಹುಡುಕೋಣ.

ದಕ್ಷಿಣ ಕೊಡಗಿನ ಪಾಲಿಬೆಟ್ಟವು ಕಾಫಿತೋಟಗಳ ನಡುವಣ ಊರು. ಆ ಸೀಮೆಯಲ್ಲಿ ತೋಟದ ಒಡೆಯರ ಮಕ್ಕಳಿದ್ದಾರೆ, ವ್ಯಾಪಾರಿಗಳ ಮಕ್ಕಳಿದ್ದಾರೆ, ಲೈನುಮನೆಗಳಲ್ಲಿ ವಾಸಿಸುವ ಕೂಲಿಕಾರರ ಮಕ್ಕಳೂ ಇದ್ದಾರೆ. ಕನ್ನಡ, ಕೊಡವ, ಮಲಯಾಳ, ತಮಿಳು, ತುಳು, ಎರವ, ಜೇನುಕುರುಬ ನುಡಿಗಳು ಅಲ್ಲಿ ಒಂದೇ ಸಂತೆಯಲ್ಲಿ ಕೇಳಿಬರುವುವು. ಈಚಿನ ವರ್ಷಗಳಲ್ಲಿ ದೂರದ ಅಸ್ಸಾಮಿನಿಂದಲೂ ಕೆಲಸಗಾರರು ಬಂದು ಕೊಡಗಿನ ತೋಟಗಳಲ್ಲಿ ದುಡಿಯುತ್ತಿದ್ದಾರೆ. ಇಷ್ಟು ನುಡಿಗಳ ಮಕ್ಕಳು ಒಂದೇ ಹಲಗೆಯ ಮೇಲೆ ಕುಳಿತು ಅಕ್ಷರ ಕಲಿಯುವುದು ಭಾಗ್ಯವೇ ಸರಿ. ಆದರೆ ಅಲ್ಲಿಯೇ ಒಂದು ಕೇಡಿಗೂ ಎಡೆಯುಂಟು.

ದೃಷ್ಟಾಂತಕ್ಕಾಗಿ ಇಂಥ ಸೀಮೆಯ ಒಬ್ಬ ಬಾಲಕನನ್ನು ಮನಸ್ಸಿಗೆ ತಂದುಕೊಳ್ಳಿರಿ. ಲೈನುಮನೆಯವನು, ಮನೆಯ ನುಡಿ ಬೇರೆ, ಕನ್ನಡದ ಉಚ್ಚಾರ ತೊಡರುವುದು. ಅವನು ಪಾಠ ಓದಲು ಎದ್ದುನಿಂತೊಡನೆ ಹಿಂದಿನ ಸಾಲಿನ ಒಬ್ಬನು ಅವನ ಉಚ್ಚಾರವನ್ನು ಅಣಕಿಸುವನು. ಬಿಡುವಿನಲ್ಲಿ ಅವನ ಕೂದಲನ್ನೂ ಅಂಗಿಯನ್ನೂ ಹಳಿಯುವನು. ಅವನ ಕುಲದ ಹೆಸರನ್ನೇ ಬೈಗುಳವಾಗಿಸಿ ಕರೆಯುವನು. ಸುತ್ತ ನಿಂತವರು ನಗುವರು. ಹೀಗೆ ದಿನವೂ ನಡೆಯುವುದು. ಒಂದು ತಿಂಗಳಲ್ಲಿ ಬಾಲಕನಿಗೆ ಬೆಳಗಾದರೆ ಹೊಟ್ಟೆನೋವು. ಕಾಫಿ ಕೊಯ್ಲಿನ ಕಾಲದಲ್ಲಿ ಅವನು ತಾಯಿಯ ಹಿಂದೆ ತೋಟಕ್ಕೆ ಹೋಗುವನು. ‘ಆ ಜನಕ್ಕೆ ಓದು ಹತ್ತುವುದಿಲ್ಲ’ ಎಂದು ಊರು ತೀರ್ಪು ಕೊಡುವುದು. ನಕ್ಕವರ ಗುಂಪಿನಲ್ಲಿ ನಮ್ಮವರೇ ಆದ ಒಬ್ಬ ಸದ್ಗೃಹಸ್ಥರ ಮಗನೂ ಇದ್ದನು. ಅವನು ಬೈಯಲಿಲ್ಲ, ಹೊಡೆಯಲಿಲ್ಲ; ನಕ್ಕನು, ಅಷ್ಟೆ. ಅವನ ಎದೆಯ ಮೇಲೆ ಇಷ್ಟಲಿಂಗವಿತ್ತು.

‘ಮಕ್ಕಳ ಆಟ, ದೊಡ್ಡದು ಮಾಡಬೇಡಿ’ ಎನ್ನುವವರುಂಟು. ಆಟಕ್ಕೂ ಪೀಡನೆಗೂ ಭೇದವಿದೆ. ಈ ವಿಷಯವನ್ನು 1970ರ ದಶಕದಿಂದ ಆಳವಾಗಿ ಅಭ್ಯಸಿಸಿದ ವಿದ್ವಾಂಸ ಡಾನ್ ಓಲ್ವೇಯಸ್ ಅವರು ಪೀಡನೆಗೆ ಮೂರು ಲಕ್ಷಣಗಳನ್ನು ಹೇಳಿದರು: ನೋಯಿಸುವ ಉದ್ದೇಶ, ಮರಳಿ ಮರಳಿ ನಡೆಯುವಿಕೆ, ನೋಯಿಸುವವನಿಗೂ ನೋಯುವವನಿಗೂ ಬಲದಲ್ಲಿ ಅಂತರ. ಆಟದಲ್ಲಿ ಇಬ್ಬರೂ ನಗುವರು, ಸರದಿ ಬದಲಾಗುವುದು. ಪೀಡನೆಯಲ್ಲಿ ಒಬ್ಬನು ಮಾತ್ರ ಅಳುವನು, ಸರದಿ ಎಂದಿಗೂ ಬದಲಾಗದು. ನಾರ್ವೆ ದೇಶದಲ್ಲಿ 1982ರ ಕೊನೆಯಲ್ಲಿ ಮೂವರು ಬಾಲಕರು ಪ್ರಾಣ ಕಳೆದುಕೊಂಡಾಗ ಸಹಪಾಠಿಗಳ ಕಾಟವೇ ಅದಕ್ಕೆ ಕಾರಣವೆಂಬ ಕಳವಳ ಹುಟ್ಟಿ, ಮರುವರ್ಷವೇ ಆ ದೇಶವೆಲ್ಲವೂ ಇದರ ವಿರುದ್ಧ ಕಾರ್ಯಕ್ಕೆ ತೊಡಗಿತು.

ನಮ್ಮ ದೇಶದ ಸಂಗತಿಯನ್ನೂ ನೆನೆಯಬೇಕು. ಡಾ. ಅಂಬೇಡ್ಕರರು ಬಾಲ್ಯದಲ್ಲಿ ಸಾತಾರೆಯ ಶಾಲೆಯಲ್ಲಿ ಮನೆಯಿಂದ ತಂದ ಗೋಣಿಯ ಮೇಲೆ ಬೇರೆಯಾಗಿ ಕುಳಿತರು. ಜವಾನನು ಕೊಳಾಯಿ ತಿರುಗಿಸಿದರೆ ನೀರು, ಜವಾನನಿಲ್ಲದ ದಿನ ಬಾಯಾರಿಕೆ. ಮುಂದೆ ರಾಷ್ಟ್ರದ ಸಂವಿಧಾನಶಿಲ್ಪಿಯಾದ ಆ ಮಹಾಮೇಧಾವಿಗೂ ಆ ನೋವು ಮರೆಯಲಿಲ್ಲ. ದಶಕಗಳ ಬಳಿಕ ತಾವೇ ಅದನ್ನು ಬರೆದಿಟ್ಟರು. ಮೈಯ ಗಾಯ ಮಾಯುವುದು. ಎಳೆಯ ಮನಸ್ಸಿಗಾದ ಅವಮಾನ ಮಾಯುವುದು ಕಷ್ಟ.

ಕಲ್ಯಾಣದ ಶರಣರು ಈ ರೋಗದ ಬೇರನ್ನು ಕಂಡವರು. ಅನುಭವಮಂಟಪದಲ್ಲಿ ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ ಇವರೆಲ್ಲ ಸಮಾನರಾಗಿ ಕುಳಿತರು. ಬಸವಣ್ಣನವರು ತಮ್ಮನ್ನು ಮಾದಾರ ಚೆನ್ನಯ್ಯನ ಮನೆಯ ಮಗನೆಂದೇ ಹೇಳಿಕೊಂಡರು. ಯಾವ ಕುಲದ ಹೆಸರು ಊರಿಗೆ ಬೈಗುಳವಾಗಿತ್ತೋ ಆ ಹೆಸರನ್ನೇ ಅವರು ತಮ್ಮ ತಲೆಯ ಮೇಲೆ ಹೊತ್ತರು. ಶಿವಾಚಾರವೆಂಬುದು ಇದೇ. ಅಂದಮೇಲೆ, ಶಿವನು ನೆಲೆಸಿರುವ ಜೀವವನ್ನು ನಿಂದಿಸುವುದು ಶಿವನಿಂದೆಯಲ್ಲವೇ? ಅದನ್ನು ಕೇಳಿ ನಕ್ಕವನು ಗಣಾಚಾರವನ್ನು ಬಿಟ್ಟವನಲ್ಲವೇ? ಗುಂಪು ಬಲ್ಲಿದನ ಹಿಂದೆ ನಿಲ್ಲುವುದು. ಗಣವು ನೊಂದವನ ಪಕ್ಕದಲ್ಲಿ ನಿಲ್ಲುವುದು.

ಹಾಗೆ ನಿಂತರೆ ಫಲವುಂಟೇ ಎಂದು ಕೇಳಬಹುದು. ಕೆನಡಾದ ಟೊರಾಂಟೊ ಶಾಲೆಗಳ ಆಟದ ಬಯಲುಗಳನ್ನು ಸಂಶೋಧಕರು ನೋಡಿ 2001ರಲ್ಲಿ ಪ್ರಕಟಿಸಿದ ವರದಿಯಂತೆ, ಪೀಡನೆಯ ನೂರು ಪ್ರಸಂಗಗಳಲ್ಲಿ 88ರಲ್ಲಿ ಇತರ ಮಕ್ಕಳು ಹತ್ತಿರವಿದ್ದರು. ತಡೆಯಲು ಮುಂದಾದುದು 19ರಲ್ಲಿ ಮಾತ್ರ. ಆದರೆ ಮುಂದಾದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತು ಸೆಕೆಂಡುಗಳೊಳಗೆ ಕಾಟವು ನಿಂತಿತು. ‘ಬಿಡೋ, ಸಾಕು’ ಎಂಬ ಒಬ್ಬ ಗೆಳೆಯನ ಮಾತಿಗೆ ಅಷ್ಟು ಶಕ್ತಿಯಿದೆ. ಆದರೆ ಪೆಟ್ಟಿಗೆ ಪೆಟ್ಟು ಗಣಾಚಾರವಲ್ಲ. ಭೃತ್ಯಾಚಾರದ ವಿನಯವಿಲ್ಲದ ಗಣಾಚಾರವು ಬರಿಯ ಜಗಳವಾದೀತು.

ದೃಷ್ಟಾಂತದ ಆ ಗೃಹಸ್ಥರಿಗೆ ಮಗನ ನಗೆಯ ಸುದ್ದಿ ತಿಳಿಯಿತೆನ್ನೋಣ. ಮೊದಲು ಅವರ ಕೈ ಬೆತ್ತಕ್ಕೆ ಹೋಗುವುದು. ಆದರೆ ಬೆತ್ತವು ಕಲಿಸುವ ಪಾಠವೇನು? ಬಲ್ಲಿದನು ಬಡವನನ್ನು ಹೊಡೆಯಬಹುದೆಂಬ ಅದೇ ಪಾಠವಷ್ಟೇ. ಮಗನು ಕಲಿತದ್ದಾದರೂ ಎಲ್ಲಿ? ಮನೆಯ ಜಗುಲಿಯಲ್ಲಿ. ಆಳನ್ನು ಹೆಸರು ಹಿಡಿಯದೆ ಕುಲ ಹಿಡಿದು ಕರೆದ ತಂದೆಯ ಮಾತನ್ನು ಅವನು ದಿನವೂ ಕೇಳಿದ್ದಾನೆ. ಈ ಅರಿವಾದೊಡನೆ ಬೆತ್ತ ಕೆಳಗಿಳಿಯುವುದು. ತಂದೆ ಮಗನ ಕೈಹಿಡಿದು ಲೈನುಮನೆಗೆ ನಡೆಯಲಿ. ಇಬ್ಬರೂ ಕ್ಷಮೆ ಬೇಡಲಿ. ಆ ಬಾಲಕನು ಅಂದೇ ನಗಲಾರನು. ನಗಬೇಕೆಂದು ಒತ್ತಾಯಿಸುವ ಅಧಿಕಾರವೂ ಇವರಿಗಿಲ್ಲ. ಮರುದಿನ ಶಾಲೆಯ ದಾರಿಯಲ್ಲಿ ಮಗನು ಅವನೊಡನೆ ನಡೆಯಲಿ, ಅವನ ಪಕ್ಕದಲ್ಲಿ ಕುಳಿತುಕೊಳ್ಳಲಿ. ಅದೇ ಪ್ರಾಯಶ್ಚಿತ್ತ.

ಗೃಹಸ್ಥರು ಅರಿಯಬೇಕಾದ ಇನ್ನೂ ಕೆಲವು ಮಾತುಗಳಿವೆ. ಮಗುವು ಕಾರಣವಿಲ್ಲದೆ ಶಾಲೆಗೆ ಹಿಂಜರಿದರೆ ಗದರಿಸದೆ ಪಕ್ಕದಲ್ಲಿ ಕೂರಿಸಿ ಕೇಳಿರಿ. ಹೇಳಿದರೆ ನಂಬಿರಿ; ಉಪಾಧ್ಯಾಯರಿಗೆ ತಿಳಿಸಿರಿ. ಉಪಾಧ್ಯಾಯರೇ ನೋಯಿಸಿದರೂ ಸುಮ್ಮನಿರಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಪ್ರಕರಣವು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಸಂಕಟದಲ್ಲಿರುವ ಮಗುವಿಗೆ 1098 ಎಂಬ ದೂರವಾಣಿ ಸಂಖ್ಯೆಯಿದೆ.

ನಾಳೆ ಪ್ರಾತಃಕಾಲ ಪೂಜೆಯ ವೇಳೆ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡ ಮಗುವಿಗೆ ಒಂದು ಮಾತು ಹೇಳಿರಿ: ‘ನಿನ್ನ ಕೈಯಲ್ಲಿರುವವನೇ ನಿನ್ನ ತರಗತಿಯ ಕೊನೆಯ ಹಲಗೆಯ ಮೇಲೂ ಕುಳಿತಿದ್ದಾನೆ, ಅವನನ್ನು ಅಳಿಸಬೇಡ, ಅಳಿಸುವವರೊಡನೆ ನಗಬೇಡ.’ ಅಷ್ಟನ್ನು ಆ ಮಗು ಪಾಲಿಸಿದರೆ ಪಂಚಾಚಾರವು ಅದರ ನಡೆಯಲ್ಲಿ ನೆಲೆಗೊಂಡಂತೆಯೇ ಸರಿ.