ಇಂದಿನ ಧಮ್ಮ ಚಿಂತನೆ: ನಾವು ಗುಲ್ಮಾರ್ಗಕ್ಕೆ ಹೋಗಬಹುದೇ?



ಎರಡು ವಾರದಿಂದ ನಮ್ಮ ಮನೆಯಲ್ಲಿ ಒಂದೇ ಮಾತು. ಒಂಬತ್ತನೇ ತರಗತಿಯ ಮಗಳಿಗೆ ಕಾಶ್ಮೀರದ ಗುಲ್ಮಾರ್ಗಕ್ಕೆ ಹೋಗಿ ಹಿಮದ ಮೇಲೆ ಸ್ಕೀಯಿಂಗ್ ಕಲಿಯುವ ಆಸೆ. ಮೊಬೈಲಿನಲ್ಲಿ ವಿಡಿಯೋ ನೋಡಿ ತಮ್ಮನನ್ನೂ ಒಪ್ಪಿಸಿಬಿಟ್ಟಿದ್ದಾಳೆ. ಕಳೆದ ಭಾನುವಾರ ಅಧ್ಯಯನ ಮುಗಿದ ಮೇಲೆ ಈ ವಿಷಯ ಹೇಳಿದೆ. ನಮ್ಮ ಹಿರಿಯರೊಬ್ಬರು ಕೇಳಿದರು: "ಮೇಷ್ಟ್ರೇ, ನಮ್ಮ ಕೇರಿಯಲ್ಲಿ ಇನ್ನೂ ಫೀಸು ಕಟ್ಟಲಾಗದ ಮಕ್ಕಳಿದ್ದಾರೆ. ಅಷ್ಟು ದುಡ್ಡು ಹಾಕಿ ಹಿಮದ ಮೇಲೆ ಜಾರಿ ಬರಬೇಕಾ?" ನನಗೆ ಆಗ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯನ್ನೇ ಇಂದು ಯೋಚಿಸೋಣ.

ಮೊದಲು ಒಂದು ಮಾತು. ರಜೆಗೆ ಹೊರಡುವುದು ನಮ್ಮ ಜನಕ್ಕೆ ಎಂದೂ ಸಣ್ಣ ಸಂಗತಿಯಾಗಿರಲಿಲ್ಲ. 1901ರಲ್ಲಿ ಬಾಲಕ ಭೀಮರಾವ್ ಬೇಸಿಗೆ ರಜೆಗೆಂದು ಅಣ್ಣನ ಜೊತೆ, ಅಕ್ಕನ ಮಕ್ಕಳ ಜೊತೆ ತಂದೆ ಇದ್ದ ಊರಿಗೆ ಹೊರಟರು. ಹೊಸ ಅಂಗಿ, ಹೊಸ ಟೋಪಿ, ಹೊಸ ಬೂಟು. ಮಸೂರ್ ನಿಲ್ದಾಣದಲ್ಲಿ ಇಳಿದ ಮೇಲೆ ಜಾತಿ ತಿಳಿಯಿತು. ಗಾಡಿಯವರು ಯಾರೂ ಬರಲೊಪ್ಪಲಿಲ್ಲ. ಕೊನೆಗೆ ಒಬ್ಬ ದುಪ್ಪಟ್ಟು ಬಾಡಿಗೆಗೆ ಒಪ್ಪಿದ. ಆದರೆ ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿಯಿತ್ತು, ಆ ರಾತ್ರಿ ಕುಡಿಯಲು ನೀರು ಸಿಗಲಿಲ್ಲ. 1934ರಲ್ಲಿ ಗೆಳೆಯರೊಡನೆ ವೆರೂಳದ ಬೌದ್ಧ ಗುಹೆ ನೋಡಲು ಹೊರಟಾಗಲೂ ದೌಲತಾಬಾದ್ ಕೋಟೆಯ ಕೆರೆಯ ನೀರು ಮುಟ್ಟಿದ್ದಕ್ಕೆ ಗಲಾಟೆಯಾಯಿತು. ಎರಡನ್ನೂ ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದಿದ್ದಾರೆ. ಆದ್ದರಿಂದ ನಮ್ಮ ಮಗಳು "ನನಗೆ ಹಿಮ ನೋಡಬೇಕು" ಎಂದು ಹೆದರದೆ ಕೇಳುವುದೇ ಒಂದು ಗಳಿಕೆ.

ಬಿಡುವು ಇಲ್ಲದ ಬಾಳು ಮನುಷ್ಯನ ಬಾಳಲ್ಲ ಎಂಬುದು ಬಾಬಾಸಾಹೇಬರ ನಿಲುವು. 1945ರ ಪುಸ್ತಕದಲ್ಲಿ ಗಾಂಧಿವಾದವನ್ನು ಟೀಕಿಸುವಾಗ, ಯಂತ್ರಗಳು ಬೇಕಾಗಿರುವುದೇ ದುಡಿಯುವವನಿಗೆ ಬಿಡುವು ಕೊಡಲು, ಆ ಬಿಡುವಿನಿಂದಲೇ ಸಂಸ್ಕೃತಿ ಬೆಳೆಯುತ್ತದೆ ಎಂದು ವಾದಿಸಿದರು. ಸರಳತೆಯ ಹೆಸರಿನಲ್ಲಿ ಬಡತನವನ್ನು ಹೊಗಳುವವರ ಸಾಲಿಗೆ ನಾವು ಸೇರಬೇಕಿಲ್ಲ.

ಹಾಗಾದರೆ ದುಡ್ಡಿದ್ದರೆ ಹೋಗಿಬಿಡುವುದೇ? ಇಲ್ಲಿ ಭಗವಾನ್ ಬುದ್ಧರು ಅನಾಥಪಿಂಡಿಕನಿಗೆ ಹೇಳಿದ ಗೃಹಸ್ಥನ ನಾಲ್ಕು ಸುಖಗಳು ನೆನಪಾಗುತ್ತವೆ. ಧರ್ಮದಿಂದ ಗಳಿಸಿದ್ದು ಇದೆ ಎಂಬ ಅತ್ಥಿ ಸುಖ. ಅದನ್ನು ಅನುಭವಿಸಿ, ಪುಣ್ಯಕಾರ್ಯವನ್ನೂ ಮಾಡುವ ಭೋಗ ಸುಖ. ಸಾಲವಿಲ್ಲದ ಅನಣ ಸುಖ. ಕಾಯಾ ವಾಚಾ ಮನಸಾ ದೋಷವಿಲ್ಲದ ಅನವಜ್ಜ ಸುಖ. ಮೊದಲ ಮೂರೂ ಈ ನಾಲ್ಕನೆಯದರ ಹದಿನಾರನೇ ಒಂದು ಪಾಲಿಗೂ ಸಮವಲ್ಲ ಎಂದರು. ಭೋಗವನ್ನು ಅವರು ಬೈಯಲಿಲ್ಲ. ಅದಕ್ಕೊಂದು ಅಳತೆ ಕೊಟ್ಟರು.

ಆ ಅಳತೆ ಹಿಡಿದು ಮನೆಯವರೆಲ್ಲ ಲೆಕ್ಕಕ್ಕೆ ಕೂತೆವು. ಗುಲ್ಮಾರ್ಗ ಶ್ರೀನಗರದಿಂದ ಸುಮಾರು 50 ಕಿಲೋಮೀಟರ್, ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರ. ಕೇಬಲ್ ಕಾರಿನ ಎರಡನೇ ಹಂತ ಅಫರ್ವಾಟ್ ಬೆಟ್ಟದಲ್ಲಿ 3,900 ಮೀಟರ್ ದಾಟಿಸುತ್ತದೆ. ಆದರೆ ಹೊಸಬರು ಕಲಿಯುವುದು ಕೆಳಗಿನ ಇಳಿಜಾರಿನಲ್ಲೇ; ಬೂಟು, ಹಲಗೆ, ಕೋಲು ಬಾಡಿಗೆಗೆ ಸಿಗುತ್ತವೆ, ಕಲಿಸುವವರೂ ಸಿಗುತ್ತಾರೆ. ಮೇಲಿನ ಹಂತದ ಖರ್ಚು ಅಲ್ಲಿಗೇ ಬಿಟ್ಟೆವು. ಬದಲಿಗೆ ಶ್ರೀನಗರದ ಹತ್ತಿರದ ಹಾರ್ವಾನ್‌ಗೆ ಅರ್ಧ ದಿನ ಸೇರಿಸಿದೆವು. ಅಲ್ಲಿ ಪ್ರಾಚೀನ ಬೌದ್ಧ ಸ್ತೂಪದ, ವಿಹಾರದ ಅವಶೇಷಗಳಿವೆ.

ತೊಡಕು ಬಂದದ್ದು ಕಾಲದ್ದು. ಹಿಮ ಬೀಳುವುದು ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ನಮ್ಮ ಶಾಲೆಗಳಿಗೆ ದೊಡ್ಡ ರಜೆ ದಸರಾದಲ್ಲಿ, ಇಲ್ಲವೇ ಏಪ್ರಿಲ್-ಮೇನಲ್ಲಿ. ಮುಂದಿನ ವರ್ಷ ಅವಳಿಗೆ ಎಸ್ಸೆಸ್ಸೆಲ್ಸಿ. ಈ ಚಳಿಗಾಲಕ್ಕೇ ಹೋಗಬೇಕೆಂದರೆ ಕೈಯಲ್ಲಿ ಅಷ್ಟು ಹಣವಿಲ್ಲ, ಕಂತಿನ ಸಾಲ ಮಾಡಬೇಕು. "ಈಗ ಹೋಗಿ, ಆಮೇಲೆ ಕಟ್ಟಿ" ಎನ್ನುವ ಜಾಹೀರಾತುಗಳಿಗೇನೂ ಬರವಿಲ್ಲ. ಅಷ್ಟು ಮಾಡಿ ಹೋದರೂ ಹಿಮ ಇದ್ದೇ ಇರುತ್ತದೆಂಬ ಖಾತ್ರಿಯಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗದ ಇಳಿಜಾರುಗಳು ಬರಿದಾಗಿದ್ದವು. ಹಿಮವೂ ಅನಿತ್ಯ, ಸಾಲದ ಕಂತು ಮಾತ್ರ ತಿಂಗಳು ತಿಂಗಳು ನಿತ್ಯ! ಎಸ್ಸೆಸ್ಸೆಲ್ಸಿ ಮುಗಿದ ಮೇಲಿನ ಚಳಿಗಾಲಕ್ಕೆ ಹೋಗೋಣ, ಅಲ್ಲಿಯವರೆಗೆ ಕೂಡಿಡೋಣ ಎಂದೆ. ಮಗಳ ಮುಖ ಸಣ್ಣಗಾಯಿತು. ಅವತ್ತು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಅನಣ ಸುಖ ಒಳ್ಳೆಯದೆಂದು ಹೇಳುವುದು ಸುಲಭ. ಹದಿನಾಲ್ಕು ವರ್ಷದವಳಿಗೆ ಎರಡು ವರ್ಷ ಎಷ್ಟು ಉದ್ದವೆಂದು ನನಗೂ ಗೊತ್ತು.

ಕೂಡಿಡುವ ಮೊದಲು ತೆಗೆದಿಡಬೇಕಾದದ್ದೂ ಇದೆ. 1956ರ ಅಕ್ಟೋಬರ್ 15ರಂದು ನಾಗಪುರದಲ್ಲಿ ಬಾಬಾಸಾಹೇಬರು ಆದಾಯದ ಇಪ್ಪತ್ತನೇ ಒಂದು ಭಾಗವನ್ನು ಧಮ್ಮದ ಕೆಲಸಕ್ಕೆ ಕೊಡಿ ಎಂದರು. ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇದು: ಕೇರಿಯ ಮಗುವಿನ ಫೀಸಿನ ಪಾಲು ಮೊದಲು ಹೋಗಲಿ, ಪ್ರವಾಸದ ಡಬ್ಬಿಗೆ ಉಳಿದದ್ದು ಬೀಳಲಿ. ಪ್ರವಾಸದಿಂದ ಬಂದ ಮೇಲೆ ಮಿಕ್ಕರೆ ಕೊಡೋಣ ಎಂದರೆ ಮಿಗುವುದಿಲ್ಲ.

ಇಷ್ಟಾದರೂ ನಾಲ್ಕನೇ ಸುಖದ ಪ್ರಶ್ನೆ ಉಳಿದಿತ್ತು. ಅದನ್ನು ಎತ್ತಿದ್ದು ಅವ್ವ. ಮಗಳು ತೋರಿಸಿದ ವಿಡಿಯೋದಲ್ಲಿ ಪ್ರವಾಸಿಗಳನ್ನು ಮರದ ಜಾರುಬಂಡಿಯ ಮೇಲೆ ಕೂರಿಸಿ, ಹಗ್ಗ ಹಿಡಿದು ಒಬ್ಬ ಮನುಷ್ಯ ಹಿಮದಲ್ಲಿ ಎಳೆಯುತ್ತಿದ್ದ. ಅಲ್ಲಿ ಅದು ಚಳಿಗಾಲದ ಕೂಲಿ. ಅವ್ವ ನೋಡಿ, "ಒಬ್ಬ ಮನುಷ್ಯ ಎಳೀತಿದ್ರೆ ನಾನು ಹೆಂಗೆ ಕೂತ್ಕೊಳ್ಳಿ? ನಿಮ್ಮಪ್ಪ ಊರೋರ ಮೂಟೆ ಹೊತ್ತೂ ಹೊತ್ತೂ ಬೆನ್ನು ಬಗ್ಗಿಸ್ಕೊಂಡ್ರು" ಎಂದರು.

ನಾನು ಮೇಷ್ಟ್ರ ಬುದ್ಧಿಯಿಂದ ವಾದ ಮಾಡಿದೆ. ಅಪ್ಪ ಮಾಡಿದ್ದು ಬಿಟ್ಟಿ ಚಾಕರಿ. ಹುಟ್ಟಿನಿಂದ ಹೇರಿದ್ದು, ಒಲ್ಲೆ ಎನ್ನುವ ಹಾಗಿರಲಿಲ್ಲ. ಜಾತಿ ಎಂದರೆ ಕೆಲಸದ ವಿಭಜನೆಯಲ್ಲ, ಕೆಲಸಗಾರರ ವಿಭಜನೆ ಎಂದು ಬಾಬಾಸಾಹೇಬರು 1936ರಲ್ಲೇ ಬರೆದರು. ಇವನಾದರೋ ಕೂಲಿಗೆ ದುಡಿಯುವವನು. ನಾವು ಕೂರದಿದ್ದರೆ ಅವನ ಮನೆಯ ಒಲೆ ಉರಿಯುವುದು ಹೇಗೆ?

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹಂಗಾದ್ರೆ ಗಂಟು ಅವನು ಎಳ್ಕೊಂಡು ಬರಲಿ. ನಾನು ಅವನ ಜೊತೆ ನಡೀತೀನಿ. ಕೂಲಿ ಚೌಕಾಸಿ ಮಾಡ್ದೆ ಪೂರ್ತಿ ಕೊಡು. ದಾರೀಲಿ ಚಾ ಕುಡಿಯುವಾಗ ಅವನಿಗೂ ಕೊಡಿಸು."

ಸಿಗಾಲೋವಾದ ಸುತ್ತವನ್ನು ಅವ್ವ ಓದಿಲ್ಲ. ಅದರಲ್ಲಿ ದುಡಿಯುವವರನ್ನು ಕೆಳದಿಕ್ಕು ಎಂದು ಕರೆದು, ಅವರಿಗೆ ಯಜಮಾನನ ಐದು ಕರ್ತವ್ಯ ಹೇಳಿದೆ: ಶಕ್ತಿಗೆ ತಕ್ಕ ಕೆಲಸ, ಅನ್ನ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ರುಚಿಯಾದದ್ದರಲ್ಲಿ ಪಾಲು, ಹೊತ್ತಿಗೆ ಸರಿಯಾಗಿ ಬಿಡುವು. ಮಸೂರಿನ ಗಾಡಿಯವನು ಮುಟ್ಟಬಾರದೆಂದು ದುಪ್ಪಟ್ಟು ದುಡ್ಡು ತೆಗೆದುಕೊಂಡು ಪಕ್ಕದಲ್ಲಿ ನಡೆದ. ಅವ್ವ ಪೂರ್ತಿ ದುಡ್ಡು ಕೊಟ್ಟು ಜೊತೆಯಲ್ಲಿ ನಡೆಯುತ್ತಾರಂತೆ.

ಹೋಗಬಹುದೇ ಎಂದರೆ, ಹೋಗಬಹುದು ಬಂಧುಗಳೇ. ನಮಗೆ ಬಿಡುವು ಬೇಕು ಎನ್ನುವಾಗ ನಮ್ಮ ಬಿಡುವಿಗಾಗಿ ದುಡಿಯುವವನ ಬಿಡುವು ನೆನಪಿದ್ದರೆ ಸಾಕು. ಮುಂದಿನ ಸಲ ಎಲ್ಲಿಗಾದರೂ ಹೊರಡುವಾಗ ಖರ್ಚಿನ ಚೀಟಿಯ ಕೊನೆಯಲ್ಲಿ ಒಂದು ಸಾಲು ಸೇರಿಸಿ: ನಮ್ಮ ಈ ಸುಖವನ್ನು ಎಳೆಯುವವರು ಯಾರು, ಅವರಿಗೆ ಸಲ್ಲಬೇಕಾದದ್ದು ಸಂದಿದೆಯೇ?

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ. ಜೈ ಭೀಮ್.